ಬೆಳೆಯುವ ಮಿದುಳು, ಲಿಂಗಭೇದ ಮತ್ತು ಯಂತ್ರ ಕಲಿಕೆ

ಮಾನ್ಯರೆ,

ಎಂಆರ್‌ಐ ಚಿತ್ರವನ್ನು ನೋಡಿ ಮಿದುಳು ಗಂಡಿನದೋ ಹೆಣ್ಣಿನದೋ ಎಂದು ಕಂಪ್ಯೂಟರ್ ಗುರುತಿಸಬಲ್ಲದು ಎಂಬ ಸುದ್ದಿಯನ್ನು ನೀವು ಓದಿರಬಹುದು. 2024ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು 20ರಿಂದ 35 ವರ್ಷದವರ ಮಿದುಳಿನ ಚಟುವಟಿಕೆಯನ್ನು ಈ ರೀತಿ ವಿಂಗಡಿಸಿ, ಶೇ. 90ಕ್ಕೂ ಹೆಚ್ಚಿನ ನಿಖರತೆಯನ್ನು ವರದಿ ಮಾಡಿತು. ಇಂಥ ಅಂಕಿ ಬಂದಾಗಲೆಲ್ಲ ಯಂತ್ರ ಏನನ್ನು ನೋಡಿ ಹಾಗೆ ಹೇಳಿತು ಎಂದು ಕೇಳಬೇಕಾಗುತ್ತದೆ. ಮಕ್ಕಳ ಮತ್ತು ಹರೆಯದವರ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಇನ್ನೂ ತೊಡಕಿನದು.

ಗಾತ್ರದ ಮಾತು ಎಲ್ಲರಿಗೂ ಗೊತ್ತಿರುವಂಥದು. ಸರಾಸರಿಯಲ್ಲಿ ಗಂಡುಮಕ್ಕಳ ಮಿದುಳು ಶೇ. 10ರಷ್ಟು ದೊಡ್ಡದಾದ್ದರಿಂದ, ಅದನ್ನು ಲೆಕ್ಕದಿಂದ ಹೊರಗಿಡದ ಮಾದರಿ (ದತ್ತಾಂಶದಿಂದ ಕಲಿತು ವಿಂಗಡಿಸುವ ಕಂಪ್ಯೂಟರ್ ವ್ಯವಸ್ಥೆ) ತಲೆಯ ಅಳತೆಯನ್ನೇ ಕಲಿತುಬಿಡಬಹುದು. ಅಲುಗಾಟದ ತೊಂದರೆ ಇದಕ್ಕಿಂತ ಸೂಕ್ಷ್ಮ. ಸದ್ದು ಮಾಡುವ ಕೊಳವೆಯೊಳಗೆ ಮಗುವನ್ನು ಕದಲದಂತೆ ಮಲಗಿಸುವುದು, ನನ್ನ ಅಭಿಪ್ರಾಯದಲ್ಲಿ, ಯಾವ ಅಲ್ಗಾರಿದಮ್ ಬರೆಯುವುದಕ್ಕಿಂತಲೂ ಕಷ್ಟದ ಕೆಲಸ. ಈ ವಯಸ್ಸಿನಲ್ಲಿ ಹುಡುಗರು ಸ್ವಲ್ಪ ಹೆಚ್ಚಾಗಿ ಅಲುಗುತ್ತಾರೆ. ಅಲುಗಿದರೆ ಮಿದುಳಿನ ಹೊರಪದರ ಇರುವುದಕ್ಕಿಂತ ತೆಳುವಾಗಿ ಅಳತೆಗೆ ಸಿಗುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಪ್ರೌಢಾವಸ್ಥೆಯದು. ಹುಡುಗಿಯರಲ್ಲಿ ಅದು ಸಾಮಾನ್ಯವಾಗಿ ಒಂದೆರಡು ವರ್ಷ ಮೊದಲೇ ಆರಂಭವಾಗುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು 2007ರಲ್ಲಿ ತೋರಿಸಿದಂತೆ, ಮಿದುಳಿನ ಒಟ್ಟು ಗಾತ್ರ ಹುಡುಗಿಯರಲ್ಲಿ ಸುಮಾರು 10.5ನೆಯ ವಯಸ್ಸಿನಲ್ಲಿಯೂ ಹುಡುಗರಲ್ಲಿ 14.5ರ ಹೊತ್ತಿಗೂ ಗರಿಷ್ಠ ಮಟ್ಟ ಮುಟ್ಟುತ್ತದೆ. ಹಾಗಿರುವಾಗ 12 ವರ್ಷದ ಹುಡುಗ ಹುಡುಗಿಯರನ್ನು ಹೋಲಿಸುವ ಮಾದರಿಯು ಲಿಂಗಭೇದವೆಂದು ಹೆಸರಿಸುವುದರಲ್ಲಿ ಒಂದು ಪಾಲು ಬೆಳವಣಿಗೆಯ ವೇಗದ ಭೇದವೇ ಆಗಿರುತ್ತದೆ. ಆದ್ದರಿಂದ ಒಂದೇ ಮಗುವನ್ನು ವರ್ಷಗಳ ಕಾಲ ಹಿಂಬಾಲಿಸುವ ದತ್ತಾಂಶಕ್ಕೆ ಬೆಲೆ ಹೆಚ್ಚು. ಹರೆಯದವರ ಮಿದುಳು ಮತ್ತು ಅರಿವಿನ ಬೆಳವಣಿಗೆಯನ್ನು ಗಮನಿಸುವ ಅಮೆರಿಕದ ಎಬಿಸಿಡಿ ಅಧ್ಯಯನವು 9–10 ವರ್ಷದ ಸುಮಾರು 11,800 ಮಕ್ಕಳನ್ನು 21 ಕೇಂದ್ರಗಳಲ್ಲಿ ಸೇರಿಸಿಕೊಂಡದ್ದು ಇದೇ ಉದ್ದೇಶದಿಂದ. ಅಲ್ಲಿ ಅವಳಿಗಳೂ ಒಡಹುಟ್ಟಿದವರೂ ಇರುವುದರಿಂದ, ಒಂದು ಕುಟುಂಬದ ಮಕ್ಕಳಲ್ಲಿ ಕೆಲವರನ್ನು ಮಾದರಿಯ ತರಬೇತಿಗೂ ಉಳಿದವರನ್ನು ಅದರ ಪರೀಕ್ಷೆಗೂ ಹಂಚಿಹಾಕಿದರೆ, ಹೋಲುವ ಮಿದುಳುಗಳನ್ನು ಅದು ಮೊದಲೇ ಕಂಡಿರುವುದರಿಂದ ನಿಖರತೆ ಸುಳ್ಳಾಗಿಯೇ ಏರುತ್ತದೆ.

ಇಷ್ಟೆಲ್ಲ ತಿದ್ದಿದ ಮೇಲೂ ವಿಂಗಡಣೆಯ ಸಾಮರ್ಥ್ಯ ಒಂದಿಷ್ಟು ಉಳಿಯುತ್ತದೆ. ಆದರೆ 2015ರಲ್ಲಿ ಇಸ್ರೇಲಿನ ನರವಿಜ್ಞಾನಿ ಡಾಫ್ನಾ ಜೋಯೆಲ್ ಮತ್ತು ಸಂಗಡಿಗರು 1,400ಕ್ಕೂ ಹೆಚ್ಚು ಮಿದುಳುಗಳನ್ನು ಪರಿಶೀಲಿಸಿ, ಪೂರ್ತಿ ‘ಗಂಡು’ ಅಥವಾ ಪೂರ್ತಿ ‘ಹೆಣ್ಣು’ ಲಕ್ಷಣಗಳಿರುವ ಮಿದುಳು ವಿರಳವೆಂದು ತೋರಿಸಿದ್ದರು. ಎರಡೂ ಒಟ್ಟಿಗೆ ನಿಜವಾಗಬಲ್ಲವು: ಒಂದೊಂದು ಭಾಗದ ಭೇದ ಅತ್ಯಲ್ಪವಾದರೂ, ಹನಿಗೂಡಿದರೆ ಹಳ್ಳವೆಂಬಂತೆ, ಯಂತ್ರ ಅವನ್ನೆಲ್ಲ ಕೂಡಿಸುತ್ತದೆ. ಆ ಭೇದ ಹುಟ್ಟಿನಿಂದ ಬಂತೋ ಬೆಳೆಸಿದ ರೀತಿಯಿಂದ ಬಂತೋ ಎಂಬುದನ್ನು ವಿಂಗಡಣೆಯ ನಿಖರತೆ ಹೇಳಲಾರದು.

ಹಾಗಾದರೆ ಈ ಶ್ರಮ ಯಾಕೆ? ಕೆಲವು ತೊಂದರೆಗಳು ಹುಡುಗ ಹುಡುಗಿಯರಲ್ಲಿ ಒಂದೇ ಪ್ರಮಾಣದಲ್ಲಿ ಕಾಣುವುದಿಲ್ಲ ಎಂಬುದೇ ಕಾರಣ. ಹರೆಯದ ನಂತರ ಖಿನ್ನತೆ ಹುಡುಗಿಯರಲ್ಲಿ ಸರಿಸುಮಾರು ಎರಡು ಪಟ್ಟು ಹೆಚ್ಚು. ಆಟಿಸಂ ಗುರುತಾಗುವುದು ಹುಡುಗರಲ್ಲಿ ಹೆಚ್ಚು. ಆಟಿಸಂ ಕುರಿತ ಮಿದುಳಿನ ಚಿತ್ರಸಂಗ್ರಹಗಳಲ್ಲಿ ಹುಡುಗರದೇ ಬಹುಪಾಲು. ಅವುಗಳಿಂದ ಕಲಿತ ಮಾದರಿಯನ್ನು ಹುಡುಗಿಯರ ಮೇಲೆ ಪ್ರತ್ಯೇಕವಾಗಿ ಪರೀಕ್ಷಿಸದೆ ಆಸ್ಪತ್ರೆಗೆ ಒಯ್ಯುವುದನ್ನು ನಾನಂತೂ ಒಪ್ಪಲಾರೆ.