ಹುಟ್ಟುಹಬ್ಬಕ್ಕೆ ಕೈಯಲ್ಲೇ ಒಂದು ಕಾರ್ಡು

ಕೇಳುಗರಿಗೆಲ್ಲ ನಮಸ್ಕಾರ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಈ ಹೊತ್ತಿಗೆ ಯಾರೆಲ್ಲ ರೇಡಿಯೋ ಹಾಕಿಕೊಂಡಿರುತ್ತಾರೆ ಅಂತ ನನಗೆ ಅಂದಾಜಿದೆ. ಅಡಿಕೆ ಸುಲಿಯುತ್ತಾ ಕೂತವರು, ಬೀಡಿ ಕಟ್ಟುವ ಅಕ್ಕಂದಿರು, ರಜೆಯಲ್ಲಿ ಮನೆಯಲ್ಲಿರುವ ಮಕ್ಕಳು. ಕೈಯ ಕೆಲಸ ನಡೆಯಲಿ, ಕಿವಿ ಮಾತ್ರ ಈ ಕಡೆ ಕೊಡಿ.

ಹುಟ್ಟುಹಬ್ಬದ ಕಾರ್ಡನ್ನು ಮನೆಯಲ್ಲೇ ಮಾಡುವುದು ಹೇಗೆ ಅಂತ ಇವತ್ತು ಹೇಳುತ್ತೇನೆ. 'ನನಗೆ ಚಿತ್ರ ಬಿಡಿಸಲು ಬರುವುದಿಲ್ಲ' ಅನ್ನಬೇಡಿ. ಬರದವರಿಗಾಗಿಯೇ ಸ್ಟೆನ್ಸಿಲ್, ಸ್ಟಾಂಪು, ಡೈ ಇರುವುದು. ಸ್ಟೆನ್ಸಿಲ್ ಅಂದರೆ ಆಕಾರ ಕೊರೆದ ತೆಳು ಪ್ಲಾಸ್ಟಿಕ್ ಹಾಳೆ. ಅಂಗಳದಲ್ಲಿ ರಂಗೋಲಿ ಹಾಕುವ ತೂತಿನ ತಟ್ಟೆ ಇದೆಯಲ್ಲ, ಅದರದ್ದೇ ಕೆಲಸ. ಸ್ಟಾಂಪು ಅಂದರೆ ಅಂಚೆಯದ್ದಲ್ಲ, ಇಂಕು ಹಚ್ಚಿ ಒತ್ತುವಂಥದ್ದು. ಡೈ ಅಂದರೆ ಕಾಗದವನ್ನು ಹೂವಿನ, ಚಿಟ್ಟೆಯ ಆಕಾರಕ್ಕೆ ಕತ್ತರಿಸುವ ತೆಳು ಲೋಹದ ತುಂಡು.

ಹೇಳುವುದು ಬೇಕಾದಷ್ಟಿದೆ. ಆದರೆ ನೀವು ಒಂದೇ ಮಾತು ನೆನಪಿಟ್ಟುಕೊಂಡರೂ ಸಾಕು: ಇಂಕು ಕಮ್ಮಿ.

ಮೊದಲು ಕಾಗದ. ಕಾಗದ ಎಷ್ಟು ದಪ್ಪ ಅಂತ ಜಿಎಸ್‌ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅಂತ. ಜೆರಾಕ್ಸ್ ಅಂಗಡಿಯ ಕಾಗದ 70, 80 ಜಿಎಸ್‌ಎಂ ಇರುತ್ತದೆ. ಅದು ನಿಲ್ಲುವುದಿಲ್ಲ, ಮುದುಡುತ್ತದೆ. ಸ್ಟೇಷನರಿ ಅಂಗಡಿಯಲ್ಲಿ 250 ಜಿಎಸ್‌ಎಂ ಬಿಳಿ ಕಾಗದ ಕೇಳಿ. ಒಂದು ಎ4 ಹಾಳೆಯನ್ನು ಅಡ್ಡಕ್ಕೆ ಎರಡು ಮಾಡಿ, ಒಂದೊಂದನ್ನೂ ನಡುವೆ ಮಡಚಿದರೆ ಎರಡು ಕಾರ್ಡು. ಒಂದೊಂದೂ 105 ಮಿಲಿಮೀಟರ್ ಅಗಲ, 148 ಉದ್ದ. ಮಡಚುವ ಮೊದಲು ಸ್ಕೇಲ್ ಇಟ್ಟು ರೀಫಿಲ್ ಮುಗಿದ ಪೆನ್ನಿನಿಂದ ಒಂದು ಗೆರೆ ಒತ್ತಿ. ಆಗ ಮಡಿಕೆ ಒಡೆಯುವುದಿಲ್ಲ.

ಇನ್ನು ಸ್ಟೆನ್ಸಿಲ್. ಇಲ್ಲಿ ನಿಮಗೆ ಒಬ್ಬ ಅಜ್ಜನ ಕಥೆ ಹೇಳಲೇಬೇಕು.

ಬದಿಯಡ್ಕದ ಕಡೆ ಒಂದು ವಾಚನಾಲಯದಲ್ಲಿ ಬೇಸಿಗೆ ರಜೆಗೆ ಮಕ್ಕಳಿಗೆ ಕ್ಲಾಸು ಇಟ್ಟಿದ್ದೆ. ಒಬ್ಬಳು ಹುಡುಗಿ ಅಜ್ಜನ ಜೊತೆ ಬರುತ್ತಿದ್ದಳು. ಅವಳ ಅಮ್ಮ ದುಬೈಯಲ್ಲಿ. ಅಮ್ಮನ ಹುಟ್ಟುಹಬ್ಬಕ್ಕೆ ಕಾರ್ಡು ಕಳಿಸಬೇಕು, ಅದರ ಮೇಲೆ 'ಅಮ್ಮ' ಅಂತ ಕನ್ನಡದಲ್ಲೇ ಬರಬೇಕು ಅಂತ ಅವಳ ಹಟ. ನನ್ನ ಚೀಲದಲ್ಲಿ ಇದ್ದದ್ದು ಗುಲಾಬಿ, ಬಲೂನು, ಇಂಗ್ಲಿಷ್ ಅಕ್ಷರ.

ಅಜ್ಜ ಹಿಂದಿನ ಬೆಂಚಿನಲ್ಲಿ ಕೂತು ಎಲ್ಲ ನೋಡುತ್ತಿದ್ದರು. ಮಾರನೇ ದಿನ ತಮ್ಮ ಮೊಣಕಾಲಿನ ಹಳೇ ಎಕ್ಸ್‌ರೇ ಹಾಳೆ ಹಿಡಿದುಕೊಂಡು ಬಂದರು. ಅದರಲ್ಲಿ 'ಅಮ್ಮ' ಅಂತ ಕೊರೆದಾಗಿತ್ತು! ಕನ್ನಡ ಅಕ್ಷರ ಕೊರೆಯುವುದು ಸುಲಭ ಅಲ್ಲ, ಗೊತ್ತಾ? ಅಕ್ಷರದ ಒಳಗೆ ಸುತ್ತುಗಳಿರುತ್ತವೆ. ಗೆರೆಯನ್ನು ಪೂರ್ತಿ ಕೊರೆದರೆ ಸುತ್ತಿನ ಒಳಗಿನ ತುಂಡು ಉದುರಿ ಬೀಳುತ್ತದೆ. ಅಜ್ಜ ಒಂದೊಂದು ಸುತ್ತಿಗೂ ಅಕ್ಕಿಕಾಳಿನಷ್ಟು ಅಗಲದ ಕೊಂಡಿ ಬಿಟ್ಟು ಕೊರೆದಿದ್ದರು. ಒಂದು ತುಂಡೂ ಬಿದ್ದಿರಲಿಲ್ಲ.

'ಎಲ್ಲಿ ಕಲಿತಿರಿ ಅಜ್ಜಾ?' ಅಂದೆ. ಅವರು ಎಳೆ ಪ್ರಾಯದಲ್ಲಿ ಅಡಿಕೆ ವ್ಯಾಪಾರಿಯೊಬ್ಬರ ಹತ್ತಿರ ಕೆಲಸಕ್ಕಿದ್ದರಂತೆ. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಶುರುವಾಗುವುದಕ್ಕೂ ಮುಂಚಿನ ಮಾತು. ಗೋಣಿಚೀಲದ ಮೇಲೆ ಗುರುತು ಹಾಕಲು ತಗಡಿನಲ್ಲಿ ಅಕ್ಷರ ಕೊರೆದು, ಕಪ್ಪು ಬಣ್ಣ ಬಡಿಯುವುದು ಅವರ ಕೆಲಸ.

ಹುಡುಗಿ ಬ್ರಷ್ಷನ್ನು ಇಂಕಿನ ಪ್ಯಾಡಿಗೆ ಒತ್ತಿ, ಸೀದಾ ಎಕ್ಸ್‌ರೇ ಹಾಳೆಯ ಮೇಲೆ ತಂದಳು. ಅಜ್ಜ ಅವಳ ಕೈ ಹಿಡಿದರು. 'ಪುಳ್ಳೀ, ನಿಲ್ಲು. ಮೊದಲು ಬೇರೆ ಕಾಗದಕ್ಕೆ ಉಜ್ಜು. ಇನ್ನೂ ಉಜ್ಜು.' ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: 'ಟೀಚರೇ, ಬ್ರಷ್ಷಿನಲ್ಲಿ ಇಂಕು ಕಾಣಲೇಬಾರದು. ಕಂಡರೆ ಜಾಸ್ತಿ ಆಯ್ತು ಅಂತಲೇ ಲೆಕ್ಕ.'

ಇಷ್ಟು ಸರಿಯಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಒದ್ದೆ ಬ್ರಷ್ ತಂದರೆ ಇಂಕು ಸ್ಟೆನ್ಸಿಲ್ಲಿನ ಅಡಿಗೆ ನುಗ್ಗುತ್ತದೆ, ಅಂಚು ಹರಡುತ್ತದೆ. ಒಣಗಿದ ಹಾಗಿರುವ ಬ್ರಷ್ ಆದರೆ ನುಗ್ಗಲು ಇಂಕೇ ಇಲ್ಲ. ಬ್ರಷ್ಷನ್ನು ಪ್ಲಾಸ್ಟಿಕ್ಕಿನ ಮೇಲೆ ಇಟ್ಟು, ಸಣ್ಣದಾಗಿ ಸುತ್ತಿಸುತ್ತಾ ತೂತಿನ ಒಳಕ್ಕೆ ಬನ್ನಿ. ಮೊದಲು ತಿಳಿ ಬಣ್ಣ, ಮೇಲೆ ಗಾಢ. ಆ ಹುಡುಗಿಯ 'ಅಮ್ಮ' ನಡುವೆ ತಿಳಿ ಹಳದಿ, ಅಂಚಿನಲ್ಲಿ ಕೇಸರಿ ಬಂದಿತ್ತು, ಬ್ಲೇಡಿನಲ್ಲಿ ಕೊರೆದಷ್ಟೇ ಚೊಕ್ಕವಾಗಿ. ಬ್ರಷ್ ಯಾವುದು ಅಂತೀರಾ? ಅಜ್ಜ ತಂದ ಹೊಸ ಶೇವಿಂಗ್ ಬ್ರಷ್. ಮೊಬೈಲಿನಲ್ಲಿ ನೋಡಿ ರಾಶಿ ಬ್ರಷ್ಷು, ರಾಶಿ ಪ್ಯಾಡು ತರಿಸುವವರಿದ್ದಾರೆ. ದಯವಿಟ್ಟು ಬೇಡ. ಎರಡು ಬಣ್ಣ, ಒಂದು ಬ್ರಷ್, ಇಂಕು ಕಮ್ಮಿ. ಅಷ್ಟೇ.

ಸ್ಟೆನ್ಸಿಲ್ ಅಲುಗಾಡದ ಹಾಗೆ ಮಾಸ್ಕಿಂಗ್ ಟೇಪ್ ಹಾಕಿ. ಆ ಟೇಪನ್ನು ಮೊದಲು ಒಮ್ಮೆ ನಿಮ್ಮ ಬಟ್ಟೆಗೆ ಅಂಟಿಸಿ ಕಿತ್ತರೆ ಅಂಟು ತಗ್ಗುತ್ತದೆ, ಕಾರ್ಡಿನ ಸಿಪ್ಪೆ ಏಳುವುದಿಲ್ಲ.

ಸಮಯ ಹತ್ತಿರ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಸ್ಟಾಂಪನ್ನು ಪ್ಯಾಡಿಗೆ ಒತ್ತಬೇಡಿ. ಸ್ಟಾಂಪನ್ನು ಮೇಲ್ಮುಖ ಹಿಡಿದು, ಪ್ಯಾಡನ್ನೇ ಅದರ ಮೇಲೆ ಮೆಲ್ಲಗೆ ತಟ್ಟಿ. ಆಗ ಗೆರೆಗಳ ಮೇಲೆ ಮಾತ್ರ ಇಂಕು ಕೂರುತ್ತದೆ. ಇಲ್ಲಿಯೂ ಅದೇ, ಇಂಕು ಕಮ್ಮಿ! ಕಾರ್ಡಿನ ಅಡಿಗೆ ಮಡಚಿದ ಪೇಪರ್ ಇಡಿ, ನೇರ ಒತ್ತಿ, ನೇರ ಎತ್ತಿ. ಹೊಸ ಸ್ಟಾಂಪಿನಲ್ಲಿ ಇಂಕು ಹನಿಹನಿಯಾಗಿ ನಿಂತರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಒಮ್ಮೆ ಹಗುರಾಗಿ ಉಜ್ಜಿ.

ಡೈಗೆ ರೋಲರ್ ಇರುವ ಸಣ್ಣ ಯಂತ್ರ ಬೇಕು. ಅದು ದುಬಾರಿ. ನಾಲ್ಕು ಮನೆಯವರು ಸೇರಿ ಒಂದು ತೆಗೆದುಕೊಳ್ಳಿ. ಹರಿತವಾದ ಬದಿ ಕಾಗದದ ಕಡೆಗೆ ಇರಲಿ. ಬಣ್ಣ ಹಾಕಿ ಒಣಗಿಸಿದ ಮೇಲೆಯೇ ಕತ್ತರಿಸಿ. ಹೂವು ಹೊರಗೆ ಬಂದ ಮೇಲೆ ಉಳಿಯುವ ತೂತಿನ ಕಾಗದವನ್ನು ಬಿಸಾಡಬೇಡಿ, ಅದೇ ನಿಮ್ಮ ಮುಂದಿನ ಸ್ಟೆನ್ಸಿಲ್.

ಕನ್ನಡದ ಸ್ಟಾಂಪು ಅಂಗಡಿಯಲ್ಲಿ ಸಿಗಲಿಲ್ಲ ಅಂತ ಸುಮ್ನೆ ಕೂರಬೇಡಿ. ಆಫೀಸಿನ ರಬ್ಬರ್ ಸೀಲು ಮಾಡಿಕೊಡುವವರ ಹತ್ತಿರ ಹೋಗಿ. ಬಿಳಿ ಕಾಗದದಲ್ಲಿ ಕಪ್ಪು ಪೆನ್ನಿನಿಂದ 'ಹುಟ್ಟುಹಬ್ಬದ ಶುಭಾಶಯ' ಅಂತ ನಿಮ್ಮದೇ ಅಕ್ಷರದಲ್ಲಿ ದೊಡ್ಡದಾಗಿ ಬರೆದು ಕೊಡಿ. ಒತ್ತಕ್ಷರ ತೀರಾ ಸಣ್ಣದಾಗದಿರಲಿ, ಸಣ್ಣದಾದರೆ ಇಂಕು ತುಂಬಿ ಮುಚ್ಚಿಹೋಗುತ್ತದೆ. ಮಳೆಗಾಲದಲ್ಲಿ ಮಾಡುವವರು ಕಾರ್ಡನ್ನು ಒಂದು ರಾತ್ರಿ ಬಿಚ್ಚಿಟ್ಟು ಒಣಗಿಸಿ, ಮಾರನೇ ದಿನ ಕವರಿಗೆ ಹಾಕಿ. ನಮಸ್ಕಾರ.