ಡ್ರಿಲ್ ಮಾಡ್ತೀರಾ? ಜುಲೈನಲ್ಲಿ ಮಾಡಿ

ಎಲ್ಲರಿಗೂ ನಮಸ್ಕಾರ. ಕಾಫಿ ಇದ್ರೆ ಕೈಲಿ ಹಿಡ್ಕೊಂಡು ಕೂತ್ಕೊಳ್ಳಿ, ಇವತ್ತು ನಂಗೆ ಸ್ವಲ್ಪ ಉರಿ ಜಾಸ್ತಿನೇ ಇದೆ. ಹೋದ ವಾರ, ಕೈಗಾ ಅಣುಸ್ಥಾವರದಲ್ಲಿ ಏನಾದ್ರೂ ಅಪಘಾತ ಆದ್ರೆ ಸುತ್ತಲಿನ ಜನ ಹೆಂಗೆ ಹೊರಗೆ ಬರ್ತಾರೆ ಅಂತ ಕೇಳಿ ವಿಡಿಯೋ ಹಾಕಿದ್ನಲ್ಲ, ಅದರ ಕೆಳಗೆ ಒಬ್ಬ ಅಣ್ಣ ಬರೆದಿದಾರೆ, ಓದ್ತೀನಿ ಕೇಳಿ. "ಬ್ರೋ, ಕೈಗಾದಲ್ಲಿ ಎಲ್ಲಾ ರೂಲ್ಸ್ ಪ್ರಕಾರನೇ ಇದೆ, ಮಾಕ್ ಡ್ರಿಲ್ ಟೈಮಿಗೆ ಸರಿಯಾಗಿ ಆಗುತ್ತೆ, 962 ದಿನ ನಿಲ್ಲದೆ ಓಡಿದ ಪ್ಲಾಂಟು ಅದು, ಸುಮ್ನೆ ಜನಾನ ಹೆದರಿಸ್ಬೇಡಿ." ಕೊನೇಲಿ ಕೈ ಮುಗಿಯೋ ಇಮೋಜಿ. ಆ ಇಮೋಜಿ ನೋಡಿನೇ ನನಗೆ ಪಿತ್ತ ನೆತ್ತಿಗೇರಿದ್ದು.

962 ದಿನ ನಿಜ. ಕೈಗಾ ಒಂದನೇ ಯೂನಿಟ್ಟು, 2018ರ ಡಿಸೆಂಬರ್ 31ಕ್ಕೆ ನಿಲ್ಲಿಸಿದ್ರು, ಆವತ್ತಿಗೆ ಅದು ವರ್ಲ್ಡ್ ರೆಕಾರ್ಡ್, ನಾನೂ ಸ್ಟೇಟಸ್ ಹಾಕಿದ್ದೆ, ಉತ್ತರ ಕನ್ನಡದವನಾಗಿ ಎದೆ ಉಬ್ಬಿಸ್ಕೊಂಡು ಓಡಾಡಿದ್ದೆ. ಆದ್ರೆ ಅಣ್ಣಾ, ಬಸ್ಸು 962 ದಿನ ಕೆಟ್ಟು ನಿಲ್ಲದೆ ಓಡ್ತು ಅಂದ್ರೆ ಇಂಜಿನ್ ಚೆನ್ನಾಗಿದೆ ಅಂತ ಅರ್ಥ. ಹಿಂದಿನ ಎಮರ್ಜೆನ್ಸಿ ಬಾಗಿಲು ತೆಗೆಯುತ್ತಾ, ಅದರ ಮುಂದೆ ಯಾರಾದ್ರೂ ಅಡಿಕೆ ಮೂಟೆ ಒಟ್ಟಿದಾರಾ ಅನ್ನೋದು ಬೇರೆ ಪ್ರಶ್ನೆ. ನಾನು ಕೇಳಿದ್ದು ಬಾಗಿಲು, ಅವರು ಹೇಳಿದ್ದು ಇಂಜಿನ್ನು.

ಸರಿ, ರೂಲ್ಸೇ ನೋಡೋಣ. ನಮ್ಮ ದೇಶದಲ್ಲಿ ಅಣುಸ್ಥಾವರದ ಎಮರ್ಜೆನ್ಸಿ ಡ್ರಿಲ್ ಮೂರು ಥರ. ಪ್ಲಾಂಟ್ ಒಳಗಿಂದು ಮೂರು ತಿಂಗಳಿಗೊಂದು, ಇಡೀ ಸೈಟಿಂದು ವರ್ಷಕ್ಕೊಂದು, ಬೇಲಿ ದಾಟಿ ಊರಿಗೆ ಬರೋದು, ಅದನ್ನ ಆಫ್‌ಸೈಟ್ ಅಂತಾರೆ, ಅದು ಎರಡು ವರ್ಷಕ್ಕೊಂದು. ಪ್ಲಾಂಟ್ ಸುತ್ತ 16 ಕಿಲೋಮೀಟರ್ ಎಮರ್ಜೆನ್ಸಿ ಪ್ಲಾನಿಂಗ್ ವಲಯ. ಬೇಲಿ ಹೊರಗಿನ ಜವಾಬ್ದಾರಿ ಪ್ಲಾಂಟಿನವರದ್ದಲ್ಲ, ಜಿಲ್ಲಾಡಳಿತದ್ದು, ಅಂದ್ರೆ ಕಾರವಾರದ ಡೀಸಿ, ಎಸ್ಪಿ, ಜಿಲ್ಲಾ ಆರೋಗ್ಯಾಧಿಕಾರಿ, ತಹಶೀಲ್ದಾರ್ರು, ಬಸ್ ಡಿಪೋ. ಎರಡು ವರ್ಷಕ್ಕೊಂದು ಸಲ ಅಂತ ಇದೆಯಲ್ಲ, ಎಷ್ಟು ಸಲ ಅನ್ನೋದು ಗೊತ್ತಾಯ್ತು. ಯಾವಾಗ? ನನ್ನ ಇಡೀ ಚಾನಲ್ಲಿನ ಒಂದೇ ಬೇಡಿಕೆ ಬರ್ಕೊಳ್ಳಿ: ಜುಲೈನಲ್ಲಿ ಮಾಡಿ. ರಾತ್ರಿ ಎರಡು ಗಂಟೆಗೆ ಮಾಡಿ. ಹೇಳದೆ ಮಾಡಿ.

ಹೇಳಿ ಮಾಡೋ ಡ್ರಿಲ್ ಹೆಂಗಿರುತ್ತೆ ಅಂತ ನಂಗೊತ್ತು, ನಮ್ಮ ಅಪಾರ್ಟ್‌ಮೆಂಟಲ್ಲಿ ಆಗಿದೆ. ಗ್ರೂಪಲ್ಲಿ ಮೂರು ದಿನ ಮುಂಚೆ ಮೆಸೇಜು, "ಶನಿವಾರ 11 ಗಂಟೆಗೆ ಫೈರ್ ಡ್ರಿಲ್, ನಂತರ ಉಪ್ಪಿಟ್ಟು ಕಾಫಿ." ಗಂಟೆ ಹೊಡೀತು, ಜನ ಇಳಿದ್ರು, ಲಿಫ್ಟಲ್ಲಿ! ಫೈರ್ ಡ್ರಿಲ್ಲಿಗೆ ಲಿಫ್ಟಲ್ಲಿ ಇಳಿದ್ರು, ಯಾಕೆ ಅಂದ್ರೆ ಮೆಟ್ಟಿಲ ಮೇಲೆ ಸೈಕಲ್ಲು, ಒಂದು ಹಳೇ ಬೀರು, ಯಾರದ್ದೋ ತುಳಸಿ ಕುಂಡ. ಎಲ್ಲರೂ ಸೈನ್ ಹಾಕಿದ್ರು, ಫೋಟೋ ತೆಗೆದ್ರು, ರಿಪೋರ್ಟಲ್ಲಿ "ಯಶಸ್ವಿ". ಬೀರು ಈಗಲೂ ಅಲ್ಲೇ ಇದೆ. ಉಪ್ಪಿಟ್ಟು ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಈಗ ಯಾಕೆ ಜುಲೈ ಅಂತ ಕೇಳ್ತೀರಿ. ಬೆಂಗಳೂರಲ್ಲಿ ಕೂತವರು ಕೇಳ್ತೀರಿ, ನಮ್ಮ ಕಡೆಯವರು ಕೇಳಲ್ಲ. ಕೈಗಾದಿಂದ ಹೊರಗೆ ಬರೋಕೆ ದಾರಿ ಎಷ್ಟಿದೆ? ಕಾಳಿ ನದಿ ಪಕ್ಕ ಹಿಡ್ಕೊಂಡು ಕಾರವಾರದ ಕಡೆ, ಘಟ್ಟ ಹತ್ತಿ ಯಲ್ಲಾಪುರದ ಕಡೆ, ಕದ್ರಾ ಮೇಲಿಂದ ಅಣಶಿ ಘಟ್ಟ ಹತ್ತಿ ಜೋಯಿಡಾ ಕಡೆ. ಒಂದು ನದಿ ಪಕ್ಕ, ಎರಡು ಘಟ್ಟ. 2021ರ ಜುಲೈಯಲ್ಲಿ ಕದ್ರಾ ಡ್ಯಾಮಿಂದ ನೀರು ಬಿಟ್ಟಾಗ ಕೆಳಗಿನ ಊರುಗಳಿಗೆ, ಮಲ್ಲಾಪುರದ ಕಡೆಗೆಲ್ಲ ನೀರು ನುಗ್ಗಿತ್ತು. ಆವತ್ತು ನಮ್ಮ ದೊಡ್ಡಮ್ಮನಿಗೆ ಫೋನ್ ಮಾಡಿ ಮಾಡಿ ನನ್ನ ಬೆರಳು ಸವೆದು ಹೋಯ್ತು, ನೆಟ್‌ವರ್ಕೇ ಇಲ್ಲ. ಆಮೇಲೆ ಸಿಕ್ಕಾಗ ಅವರು ಹೇಳಿದ್ದು, "ಮಗಾ, ರಸ್ತೆ ಎಲ್ಲಿ, ಹೊಳೆ ಎಲ್ಲಿ ಅಂತ ಗೊತ್ತಾಗ್ಲಿಲ್ಲ, ಅಕ್ಕಿ ಡಬ್ಬಿ ಅಟ್ಟಕ್ಕೆ ಹಾಕಿ ಕೂತಿದ್ದೆ." 2024ರ ಜುಲೈ 16ಕ್ಕೆ ಅಂಕೋಲಾ ಹತ್ರ ಶಿರೂರಲ್ಲಿ ಗುಡ್ಡ ಕುಸಿದು ಹೈವೇನೇ ಮುಚ್ಚಿ ಹೋಯ್ತು. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರದ ಹತ್ರ ಕಾಳಿ ನದಿ ಹಳೇ ಸೇತುವೆ ಲಾರಿ ಸಮೇತ ನೀರಿಗೆ ಬಿತ್ತು. ನಡುರಾತ್ರಿ, ಮಳೆಗಾಲ. ಪ್ಲಾನಲ್ಲಿ "ಪರ್ಯಾಯ ಮಾರ್ಗ" ಅಂತ ಬರೆದಿರ್ತಾರಲ್ಲ, ಆ ಪರ್ಯಾಯ ಮಾರ್ಗನ ಜನವರಿ ಬಿಸಿಲಲ್ಲಿ ಜೀಪಲ್ಲಿ ಓಡಿಸಿ ನೋಡಿದ್ರೆ ಬೆಣ್ಣೆ ಥರ ಇರುತ್ತೆ. ಜುಲೈನಲ್ಲಿ ಓಡಿಸಿ ಸ್ವಾಮಿ.

"ಹೆದರಿಸ್ಬೇಡಿ" ಅಂದ್ರಲ್ಲ ಅಣ್ಣ, ಈ ಮಾತು ಜಪಾನಲ್ಲೂ ಹೇಳಿದ್ರು. ನಿಗಾಟಾ ಅಂತ ಒಂದು ಪ್ರಾಂತ್ಯ, 2007ರಲ್ಲಿ ಅಲ್ಲಿ ಭೂಕಂಪ ಆಗಿ ಅಣುಸ್ಥಾವರನೇ ನಿಂತಿತ್ತು. 2010ರಲ್ಲಿ ಅವರು, ಭೂಕಂಪ ಆಗಿ ಅದರ ಜೊತೆಗೇ ಅಣು ಅಪಘಾತನೂ ಆದ್ರೆ ಏನು ಮಾಡೋದು ಅಂತ ಡ್ರಿಲ್ ಮಾಡೋಕೆ ಹೊರಟ್ರು. ಅಲ್ಲಿನ ಸುರಕ್ಷತಾ ಸಂಸ್ಥೆ ಏನಂತು? ಜನಕ್ಕೆ ಸುಮ್ನೆ ಆತಂಕ, ತಪ್ಪು ತಿಳುವಳಿಕೆ ಆಗುತ್ತೆ ಅಂತು. ಸರಿ, ಭೂಕಂಪ ತೆಗೆದು ಭಾರೀ ಹಿಮ ಬಿದ್ದಿದೆ ಅಂತ ಡ್ರಿಲ್ ಮಾಡಿದ್ರು. ಭೂಕಂಪದ ದೇಶದಲ್ಲಿ! ಮುಂದಿನ ವರ್ಷ, 2011ರ ಮಾರ್ಚ್ 11ಕ್ಕೆ, ಭೂಕಂಪ, ಸುನಾಮಿ, ಅದರ ಜೊತೆಗೇ ಫುಕುಶಿಮಾ ಅಣು ಅಪಘಾತ. ಅಲ್ಲಿ ಓಕುಮಾದಲ್ಲಿ ಪ್ಲಾಂಟಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿ ಆಫ್‌ಸೈಟ್ ಸೆಂಟರ್ ಕಟ್ಟಿಟ್ಟಿದ್ರು, ಎಮರ್ಜೆನ್ಸಿಗೆ ಅಂತಲೇ. ಗಾಳಿ ಸೋಸೋ ಫಿಲ್ಟರ್ ಹಾಕಿ ಅಂತ 2009ರಲ್ಲೇ ಸರ್ಕಾರದ ತಪಾಸಣೆಯವರು ಹೇಳಿದ್ರು, ಹಾಕಿರ್ಲಿಲ್ಲ. ಏನಾಯ್ತು, ಎಮರ್ಜೆನ್ಸಿ ನಿಭಾಯಿಸೋ ಆಫೀಸೇ ಮಾರ್ಚ್ 15ಕ್ಕೆ ಖಾಲಿ ಮಾಡ್ಕೊಂಡು ಓಡ್ಬೇಕಾಯ್ತು. ಕೊಡೆ ಅಂಗಡಿಯವನೇ ನೆನೆದು ತೊಪ್ಪೆ ಆದಂಗೆ.

ಆಮೇಲೆ ಅಣು ಅಪಘಾತ ಆದಾಗ ಜನಕ್ಕೆ ಕೊಡೋ ಅಯೋಡಿನ್ ಮಾತ್ರೆ ಕಥೆ. ಇದು ಸಿಂಪಲ್. ಒಳ್ಳೆ ಅಯೋಡಿನ್ ಮೊದಲೇ ಥೈರಾಯ್ಡಲ್ಲಿ ತುಂಬ್ಕೊಂಡಿದ್ರೆ ವಿಕಿರಣದ ಅಯೋಡಿನ್‌ಗೆ ಜಾಗ ಇರಲ್ಲ, ಬಸ್ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟ್ ಹಿಡಿದಂಗೆ. ಬೇರೆಯವರು ಕೂತ ಮೇಲೆ ಕರ್ಚೀಫ್ ಹಾಕಿದ್ರೆ ಏನು ಬಂತು? ಮುಂಚೆ ನುಂಗಬೇಕು, ತಪ್ಪಿದ್ರೆ ಕೆಲವೇ ಗಂಟೆ ಒಳಗೆ. ಜಪಾನಲ್ಲಿ ಮಿಹಾರು ಅನ್ನೋ ಸಣ್ಣ ಊರಿನವರು ಮೇಲಿನ ಆರ್ಡರ್‌ಗೆ ಕಾಯದೆ ಮಾತ್ರೆ ಹಂಚಿದ್ರು, ಪ್ರಾಂತ್ಯ ಸರ್ಕಾರ "ವಾಪಸ್ ತಗೊಳ್ಳಿ" ಅಂತು, ಇವರು ಕೊಡಲ್ಲ ಅಂದ್ರು. ಆ ಊರಿನವರಿಗೆ ನನ್ನ ಕಡೆಯಿಂದ ಒಂದು ದೊಡ್ಡ ನಮಸ್ಕಾರ. ಈಗ ನಮ್ಮಲ್ಲಿ, ಜುಲೈ ರಾತ್ರಿ ಕರೆಂಟ್ ಇಲ್ಲ, ಹಳ್ಳ ಉಕ್ಕಿದೆ, ಒಂದೊಂದು ಮನೆ ಒಂದೊಂದು ತೋಟದ ಮೂಲೆಲಿ, ಆಶಾ ಕಾರ್ಯಕರ್ತೆ ಆ ಮಾತ್ರೆ ಹಿಡ್ಕೊಂಡು ಕೊನೇ ಮನೆ ಮುಟ್ಟೋಕೆ ಎಷ್ಟು ಹೊತ್ತು? ನಿಮಿಷ ಹೇಳಿ. ಜುಲೈನಲ್ಲಿ ಮಾಡಿದ್ರೆ ತಾನೇ ಗೊತ್ತಾಗೋದು!

ಒಂದ್ನಿಮಿಷ, ವಿಡಿಯೋ ಇಲ್ಲಿವರೆಗೂ ನೋಡಿ ಇನ್ನೂ ಸಬ್‌ಸ್ಕ್ರೈಬ್ ಆಗದೆ ಇರೋರು ನನ್ನ ಕಣ್ಣಿಗೆ ಕಾಣ್ತಿದೀರಿ. ಮೆಂಬರ್‌ಶಿಪ್ಪು ತಿಂಗಳಿಗೆ 59 ರೂಪಾಯಿ, ಎರಡು ಮಸಾಲೆ ದೋಸೆಗಿಂತ ಕಮ್ಮಿ. "ಜುಲೈನಲ್ಲಿ ಮಾಡಿ" ಅಂತ ಟೀ ಶರ್ಟ್ ಬೇರೆ ಮಾಡಿಸಿದೀನಿ, ಕಪ್ಪು ಮತ್ತು ಕೆಸರಿನ ಬಣ್ಣ.

ವಾಪಸ್ ಬರ್ತೀನಿ. "ಎಇಆರ್‌ಬಿ ನೋಡ್ಕೊಳುತ್ತೆ" ಅಂತ ಇನ್ನೊಬ್ಬರು. ಅಣುಶಕ್ತಿ ನಿಯಂತ್ರಣ ಮಂಡಳಿ, 1983ರಿಂದ ಇದೆ, ಅಲ್ಲಿ ದೊಡ್ಡ ದೊಡ್ಡ ತಲೆಗಳಿದಾವೆ, ಒಪ್ಪಿದೆ. 2012ರಲ್ಲಿ ಸಿಎಜಿ, ಅಂದ್ರೆ ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಂಸ್ಥೆ, ಆಡಿಟ್ ಮಾಡಿ ಏನು ಬರೀತು ಗೊತ್ತಾ? ಆಫ್‌ಸೈಟ್ ಡ್ರಿಲ್ಲುಗಳಲ್ಲೇ ತಯಾರಿ ಸಾಲದು ಅಂತ ಕಂಡಿದೆ, ಆದ್ರೆ ಸರಿ ಮಾಡಿ ಅಂತ ಸೂಚಿಸಿದ್ದನ್ನ ಮಾಡಿಸೋ ಅಧಿಕಾರ ಮಂಡಳಿಗಿಲ್ಲ ಅಂತ. ಅಂದ್ರೆ ಮೇಷ್ಟ್ರು ಪೇಪರ್ ತಿದ್ದಬಹುದು, ಫೇಲ್ ಮಾಡೋ ಹಾಗಿಲ್ಲ. ಅದೇ ವರದಿಲಿ ನಿಯಮ ಮುರಿದ್ರೆ ಇದ್ದ ದಂಡದ ಮೊತ್ತ ನೋಡಿ, 500 ರೂಪಾಯಿ! ಹೆಲ್ಮೆಟ್ ಹಾಕ್ದೆ ಹೋದ್ರೂ 500, ಇದಕ್ಕೂ 500. ಪ್ರತ್ಯೇಕ ಪ್ರಾಧಿಕಾರ ಮಾಡೋಕೆ 2011ರಲ್ಲಿ ಮಸೂದೆ ತಂದ್ರು, 2014ಕ್ಕೆ ಲೋಕಸಭೆ ಮುಗಿದಾಗ ಅದೂ ಮುಗೀತು. "ಬ್ರೋ 2025ರ ಡಿಸೆಂಬರಲ್ಲಿ ಅಣುಶಕ್ತಿಗೆ ಶಾಂತಿ ಅಂತ ಹೊಸ ಕಾಯ್ದೆ ಬಂತು, ಮಂಡಳಿಗೆ ಕಾನೂನಿನ ಸ್ಥಾನ ಸಿಕ್ತು" ಅಂತ ಟೈಪ್ ಮಾಡ್ತಿದೀರಿ, ನಿಲ್ಲಿಸಿ, ನಂಗೂ ಗೊತ್ತು. ಒಳ್ಳೇದಾಯ್ತು. ಮೇಷ್ಟ್ರಿಗೆ ಬೆತ್ತ ಬಂತು. ಈಗ ಆ ಬೆತ್ತ ಹಿಡ್ಕೊಂಡು ಜುಲೈನಲ್ಲಿ ಕೈಗಾಗೆ ಬರ್ಲಿ.

ಅಮೆರಿಕದಲ್ಲಿ 1979ರ ತ್ರೀ ಮೈಲ್ ಐಲ್ಯಾಂಡ್ ಅಣು ಅಪಘಾತ ಆದ್ಮೇಲೆ, ಊರಿನ ಜನಾನ ಕಾಪಾಡೋ ಪ್ಲಾನ್ ಇಲ್ದಿದ್ರೆ ಲೈಸೆನ್ಸಿಗೇ ಕುತ್ತು ಅಂತ ಮಾಡಿದ್ರು. ನ್ಯೂಯಾರ್ಕ್ ಹತ್ರ ಲಾಂಗ್ ಐಲ್ಯಾಂಡಲ್ಲಿ ಶೋರ್‌ಹ್ಯಾಮ್ ಅಂತ ಒಂದು ಸ್ಥಾವರ. 1983ರಲ್ಲಿ ಅಲ್ಲಿನ ಕೌಂಟಿಯವರು, ಈ ರಸ್ತೆಗಳಲ್ಲಿ ಜನಾನ ಸ್ಥಳಾಂತರ ಮಾಡೋಕೆ ಆಗೋದೇ ಇಲ್ಲ ಅಂತ ಬರೆದು ಕೊಟ್ಟುಬಿಟ್ರು. ಸುಮಾರು 600 ಕೋಟಿ ಡಾಲರ್ ಸುರಿದು ಕಟ್ಟಿದ್ದು ವ್ಯಾಪಾರಕ್ಕೆ ಅಂತ ಒಂದು ದಿನವೂ ಕರೆಂಟ್ ಕೊಡದೆ ಕೊನೆಗೆ ಒಂದು ಡಾಲರ್‌ಗೆ ಕೈ ಬದಲಾಯ್ತು. ಒಂದು ಡಾಲರ್! ನಾನು ಕೈಗಾ ಮುಚ್ಚಿ ಅಂತಿಲ್ಲ, ಐದು ಆರನೇ ಯೂನಿಟ್ಟು 700 ಮೆಗಾವ್ಯಾಟಿನವು ಬರ್ತಿವೆ, ಬರ್ಲಿ, ನನ್ನ ಈ ಲೈಟು ಉರಿಯೋಕೂ ಕರೆಂಟ್ ಬೇಕು.

ಇನ್ನೊಂದು ವಾದ, ಇದು ನಂಗೆ ತುಂಬಾ ಇಷ್ಟ. "ಜುಲೈ ಮಳೇಲಿ ರಾತ್ರಿ ಡ್ರಿಲ್ ಮಾಡಿದ್ರೆ ಜನಕ್ಕೆ ಅಪಾಯ, ಬಸ್ ಗುಂಡಿಗೆ ಬೀಳಬಹುದು, ವಯಸ್ಸಾದವರು ಜಾರಬಹುದು." ಹೌದಾ? ಡ್ರಿಲ್ಲಿಗೇ ಅಪಾಯ ಅಂದ್ರೆ ನಿಜವಾದ ದಿನ ಏನು, ಗುಡ್ಡ ಸೈಡ್ ಕೊಡುತ್ತಾ? "ಎಮರ್ಜೆನ್ಸಿ ಇದೆ, ಸ್ವಲ್ಪ ತಡ್ಕೊಂಡು ಕುಸೀತೀನಿ" ಅಂತ? ನಮ್ಮ ಎಡಿಟರ್ ಇಲ್ಲಿ ಕೈ ಸನ್ನೆ ಮಾಡ್ತಿದಾರೆ, ಸ್ಕ್ರಿಪ್ಟಲ್ಲಿ ಇನ್ನೂ ಎರಡು ಪಾಯಿಂಟ್ ಇತ್ತಂತೆ, ಗಾಳಿ ದಿಕ್ಕಿಂದು ಒಂದು, ಸೈರನ್‌ದು ಒಂದು. ಬಿಡಿ, ಎಲ್ಲದರ ಕೊನೆಗೂ ನಾನು ಹೇಳೋದು ಅದೇ, ಜುಲೈ ಜುಲೈ ಜುಲೈ.

ಕಾಮೆಂಟ್ ಹಾಕಿದ ಅಣ್ಣಾ, ನಿಮ್ಮ ಮೇಲೆ ಕೋಪ ಇಲ್ಲ. ಪೆಟ್ರೋಲ್ ನಂದು, ಕಾರ್ ನಿಮ್ದು. ಜುಲೈ ಎರಡನೇ ವಾರ, ರಾತ್ರಿ ಎರಡು ಗಂಟೆ, ಮಲ್ಲಾಪುರದಿಂದ ಘಟ್ಟ ಹತ್ತಿ ಯಲ್ಲಾಪುರ. ನೀವು ಓಡಿಸಿ, ನಾನು ಪಕ್ಕದಲ್ಲಿ ಕೂತು ಟೈಮ್ ಬರ್ಕೋತೀನಿ. ಟೀ ಶರ್ಟ್ ಫ್ರೀ, ಸೈಜು ಕೆಳಗೆ ಹಾಕಿ. ಎಕ್ಸ್‌ಎಲ್ ಮಾತ್ರ ಖಾಲಿ ಆಗಿದೆ.