ಪಂಪು, ಮೊಟ್ಟೆ, ಸೀಲ್ ಲಿವರ್

ಕೇಳುಗರಿಗೆ ನಮಸ್ಕಾರ.

ಉತ್ತರ ಧ್ರುವಕ್ಕೆ ಇನ್ನೇನು ಎಂಟುನೂರು ಚಿಲ್ಲರೆ ಕಿಲೋಮೀಟರ್ ಇದೆ ಅನ್ನುವಾಗ ಕೆನಡಾದ ಅಲರ್ಟ್ ಸಿಗುತ್ತದೆ. ಊರು ಅನ್ನುವಂತಿಲ್ಲ. ಒಂದು ಮಿಲಿಟರಿ ಠಾಣೆ, ಅದರ ಹತ್ತಿರ ಗಾಳಿಯಲ್ಲಿ ಏನೇನು ಬೆರೆತಿದೆ ಅಂತ ಅಳೆಯುವ ಒಂದು ಕೇಂದ್ರ, ಅಷ್ಟೆ. ಚಳಿಗಾಲದಲ್ಲಿ ನಾಲ್ಕು ತಿಂಗಳಿಗೂ ಜಾಸ್ತಿ ಅಲ್ಲಿ ಸೂರ್ಯನ ಮುಖ ಕಾಣುವುದಿಲ್ಲ. ಆ ಕತ್ತಲೆಯಲ್ಲೂ ಒಂದು ಪಂಪು 1992ರಿಂದ ಗಾಳಿ ಎಳೆಯುತ್ತಾ ಬಂದಿದೆ. ಗಾಳಿ ಮೊದಲು ಗಾಜಿನ ನಾರಿನ ಹಾಳೆ ದಾಟುತ್ತದೆ, ಆಮೇಲೆ ಸ್ಪಂಜಿನ ಬಿಲ್ಲೆ. ನಮ್ಮ ಸೋಫಾದೊಳಗೆ ಇರುತ್ತದಲ್ಲ, ಅದೇ ಜಾತಿಯ ಸ್ಪಂಜು. ವಾರದ ಮೇಲೆ ಅದನ್ನು ತೆಗೆದು, ಭದ್ರವಾಗಿ ಮುಚ್ಚಿ, ದಕ್ಷಿಣದ ಲ್ಯಾಬಿಗೆ ಕಳಿಸುತ್ತಾರೆ. ಹೊಸದು ಹಾಕುತ್ತಾರೆ. ಮುಂದಿನ ವಾರ ಮತ್ತೆ ಅದೇ ಕೆಲಸ.

ಆ ಸ್ಪಂಜಿನಲ್ಲಿ ಸಿಕ್ಕವುಗಳಲ್ಲಿ ಎಂಡೋಸಲ್ಫಾನ್ ಕೂಡ ಒಂದು. ಬೆಳ್ತಂಗಡಿ, ಪುತ್ತೂರಿನ ಕಡೆಯವರಿಗೆ, ಗಡಿಯಾಚೆ ಕಾಸರಗೋಡಿನವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸುರಿದ ಔಷಧಿ ಅದು. ಹಾಗಂತ ಅಲರ್ಟ್‌ನಲ್ಲಿ ಸಿಕ್ಕಿದ್ದು ಬೆಳ್ತಂಗಡಿ ಕಡೆಯ ಕೊಕ್ಕಡದ್ದೇ ಅಂತ ನಾನು ಹೇಳುತ್ತಿಲ್ಲ. ಅದನ್ನು ಬಳಸಿದ ದೇಶಗಳು ಬೇಕಾದಷ್ಟಿದ್ದವು, ಗಾಳಿಗೆ ವಿಳಾಸ ಇರುವುದಿಲ್ಲ. ಆದರೆ ಗದ್ದೆ, ತೋಟ ಯಾವುದೂ ಇಲ್ಲದ ಹಿಮದ ನಾಡಿನಲ್ಲಿ ಕೀಟನಾಶಕ ಸಿಕ್ಕಿತಲ್ಲ! ಬೇಗ ಕರಗಿಹೋಗದ ವಿಷಗಳನ್ನು ತಡೆಯಲು ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ 2011ರಲ್ಲಿ ಎಂಡೋಸಲ್ಫಾನ್ ಸೇರುವಾಗ, ಇದು ಬಹಳ ದೂರ ಹೋಗುತ್ತದೆ ಅನ್ನುವುದಕ್ಕೆ ಆರ್ಕ್ಟಿಕ್‌ನ, ಅಂದರೆ ಉತ್ತರ ಧ್ರುವದ ಸುತ್ತಲಿನ ನಾಡಿನ ಅಳತೆಗಳೂ ಸಾಕ್ಷಿ ಹೇಳಿದವು. ಅದೇ ವರ್ಷ ನಮ್ಮ ಸುಪ್ರೀಂ ಕೋರ್ಟೂ ಅದಕ್ಕೆ ತಡೆ ಹಾಕಿತು. ಅಲ್ಲಿ ಸ್ಪಂಜು ಮಾತಾಡಿತ್ತು, ಇಲ್ಲಿ ಮನೆಮನೆಯ ಕಷ್ಟ ಮಾತಾಡಿತ್ತು.

ಇಂಥ ರಾಸಾಯನಿಕಗಳು ಅಷ್ಟು ದೂರ ಹೋಗುವುದಾದರೂ ಹೇಗೆ? ಬಿಸಿಲಿನ ನಾಡಿನಲ್ಲಿ ಆವಿಯಾಗಿ ಏಳುತ್ತವೆ, ಚಳಿ ತಾಗಿದಲ್ಲಿ ಇಳಿಯುತ್ತವೆ, ಬೆಚ್ಚಗಾದರೆ ಮತ್ತೆ ಏಳುತ್ತವೆ. ವಿಜ್ಞಾನಿಗಳು ಇದನ್ನು ಮಿಡತೆಯ ನೆಗೆತಕ್ಕೆ ಹೋಲಿಸುತ್ತಾರೆ. ಕೊನೆಗೆ ಏಳಲಾಗದಷ್ಟು ಚಳಿಯ ಕಡೆ ಬಂದು ಕೂತುಬಿಡುತ್ತವೆ. ಇವುಗಳಲ್ಲಿ ಹಲವಕ್ಕೆ ನೀರಿಗಿಂತ ಕೊಬ್ಬೇ ಇಷ್ಟ. ಮೀನಿನಿಂದ ಸೀಲ್ ಎಂಬ ಕಡಲಪ್ರಾಣಿಗೆ, ತಿಮಿಂಗಿಲಕ್ಕೆ, ಅವನ್ನು ಬೇಟೆಯಾಡಿ ತಿನ್ನುವ ಅಲ್ಲಿನ ಮೂಲನಿವಾಸಿ ಇನ್ಯೂಟ್ ಜನರಿಗೆ ಬರುವಷ್ಟರಲ್ಲಿ ಪ್ರಮಾಣ ಏರಿರುತ್ತದೆ.

ಇದು ಗೊತ್ತಾಗಿದ್ದು ಹೆಚ್ಚುಕಮ್ಮಿ ಆಕಸ್ಮಿಕವಾಗಿ. 1980ರ ದಶಕದಲ್ಲಿ ಎರಿಕ್ ಡೆವಾಯಿ ಎಂಬ ವೈದ್ಯರು ಕೆನಡಾದ ಕ್ವಿಬೆಕ್ ಪ್ರಾಂತ್ಯದ ತಾಯಂದಿರ ಎದೆಹಾಲಿನಲ್ಲಿ ಪಿಸಿಬಿ ಎಷ್ಟಿದೆ ಅಂತ ನೋಡುತ್ತಿದ್ದರು. ಪಿಸಿಬಿ ಅಂದರೆ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಬಳಸುತ್ತಿದ್ದ ರಾಸಾಯನಿಕ. ಹೋಲಿಸಿ ನೋಡಲು ಅವರಿಗೆ ಶುದ್ಧವಾದ ಹಾಲು ಬೇಕಿತ್ತು. ಕಾರ್ಖಾನೆ ಇಲ್ಲ, ಹೊಗೆ ಇಲ್ಲ, ಅದೇ ಪ್ರಾಂತ್ಯದ ಉತ್ತರಕ್ಕಿರುವ ಇನ್ಯೂಟ್ ಜನರ ನುನಾವಿಕ್‌ನಲ್ಲಿ ಅಲ್ಲದೆ ಇನ್ನೆಲ್ಲಿ ಸಿಗಬೇಕು? ತರಿಸಿದರು. ಉತ್ತರ ಬಂದಾಗ ನುನಾವಿಕ್ ತಾಯಂದಿರ ಹಾಲಿನಲ್ಲಿ ದಕ್ಷಿಣದವರಿಗಿಂತ ಸುಮಾರು ಐದು ಪಟ್ಟು ಜಾಸ್ತಿ ಪಿಸಿಬಿ ಇತ್ತು.

ಈಗ ಆ ತಾಯಿಗೆ ಏನು ಹೇಳುವುದು? ಸಮಸ್ಯೆ ಶುರುವಾಗಿದ್ದೇ ಇಲ್ಲಿ. ಹಾಲು ಕುಡಿಸಬೇಡ ಅಂದರೆ ಮಗುವಿಗೆ ಅದಕ್ಕಿಂತ ದೊಡ್ಡ ನಷ್ಟ. ಸೀಲ್ ತಿನ್ನಬೇಡ ಅಂದರೆ ವಿಮಾನದಲ್ಲಿ ಬರುವ ದುಬಾರಿ ಡಬ್ಬಿ ತಿಂಡಿಯೇ ಗತಿ. ಲ್ಯಾಬಿನವರಿಗೆ ಅಂಕಿ ಗೊತ್ತು, ಅಡುಗೆಮನೆ ಗೊತ್ತಿಲ್ಲ. ಆರೋಗ್ಯ ಇಲಾಖೆಗೆ ಮಗು ಗೊತ್ತು, ತಿಮಿಂಗಿಲ ಗೊತ್ತಿಲ್ಲ.

1991ರಲ್ಲಿ ಕೆನಡಾ ಉತ್ತರದ ಮಾಲಿನ್ಯಕ್ಕಾಗಿಯೇ ಒಂದು ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಅದೇ ವರ್ಷ ಎಂಟು ಆರ್ಕ್ಟಿಕ್ ದೇಶಗಳು ಸೇರಿ ಇಂಥದ್ದೇ ಕೆಲಸಕ್ಕೆ ಒಂದು ಜಂಟಿ ವ್ಯವಸ್ಥೆ ಮಾಡಿಕೊಂಡವು. ಕೆನಡಾದ್ದರಲ್ಲಿ ನನಗೆ ಹಿಡಿಸಿದ್ದು ಮೇಜಿನ ಸುತ್ತ ಕೂತವರು. ಪರಿಸರ, ಆರೋಗ್ಯ, ಮೀನುಗಾರಿಕೆ ಇಲಾಖೆಗಳ ಜೊತೆಗೆ ಇನ್ಯೂಟ್, ಡೆನೆ, ಯುಕಾನ್‌ನ ಮೂಲನಿವಾಸಿ ಸಂಘಟನೆಗಳೂ ಅಲ್ಲಿವೆ. ಸುಮ್ನೆ ಶೋಭೆಗೆ ಕೂರಿಸಿದ್ದಲ್ಲ. ಯಾವ ಯೋಜನೆಗೆ ದುಡ್ಡು ಕೊಡಬೇಕು ಅನ್ನುವ ಚರ್ಚೆಯಲ್ಲೇ ಅವರಿದ್ದಾರೆ. ಸೀಲ್‌ಗಳ ಪರೀಕ್ಷೆಯನ್ನೇ ನೋಡಿ. ರೆಸಲ್ಯೂಟ್, ಆರ್ವಿಯಾಟ್‌ನಂಥ ಊರುಗಳ ಬೇಟೆಗಾರರೇ ತಾವು ಹಿಡಿದ ಸೀಲ್‌ನ ಕೊಬ್ಬು, ಲಿವರ್, ಮಾಂಸದ ತುಂಡು ತೆಗೆದುಕೊಡುತ್ತಾರೆ. ವಯಸ್ಸು ಲೆಕ್ಕ ಹಾಕಲು ಒಂದು ಹಲ್ಲನ್ನೂ ಕೊಡುತ್ತಾರೆ.

ಇನ್ನೊಂದು ಕಡೆ ಲ್ಯಾಬುಗಳ ತಾಳೆ. ಒಂದೇ ಮಾದರಿಯನ್ನು ಹಲವು ಲ್ಯಾಬಿಗೆ ಕಳಿಸಿ ಉತ್ತರ ಹೊಂದುತ್ತದಾ ಅಂತ ನೋಡುತ್ತಾರೆ. ಒಬ್ಬರ ತಕ್ಕಡಿ ಒಂದು ತೂಕ, ಇನ್ನೊಬ್ಬರದು ಇನ್ನೊಂದು ತೂಕ ತೋರಿಸಿದರೆ ಮೂವತ್ತು ವರ್ಷದ ಲೆಕ್ಕ ನೀರಲ್ಲಿ ಹೋಮ, ಅಲ್ವಾ?

ಮೂವತ್ತು ವರ್ಷ ಯಾಕೆ ಬೇಕು ಅಂತ ಕೇಳಬಹುದು. ಉತ್ತರ ಕೆನಡಾದ ಪ್ರಿನ್ಸ್ ಲಿಯೊಪೋಲ್ಡ್ ಎಂಬ ದ್ವೀಪದ ಕಡಿದಾದ ಬಂಡೆಗಳಲ್ಲಿ ಕಡಲಹಕ್ಕಿಗಳು ಗೂಡು ಕಟ್ಟುತ್ತವೆ. ಅವುಗಳ ಕೆಲವು ಮೊಟ್ಟೆಗಳನ್ನು ವಿಜ್ಞಾನಿಗಳು 1975ರಿಂದ ತಂದು ಪರೀಕ್ಷೆ ಮಾಡುತ್ತಾ, ಉಳಿದದ್ದನ್ನು ಫ್ರೀಜರ್‌ನಲ್ಲಿ ಇಡುತ್ತಾ ಬಂದಿದ್ದಾರೆ. ವರ್ಷ ಕಳೆದಂತೆ ಆ ಮೊಟ್ಟೆಗಳಲ್ಲಿ ಪಿಸಿಬಿ, ಡಿಡಿಟಿ ಇಳಿದವು. ಪಾದರಸ ಮಾತ್ರ ಏರಿತು. ಒಂದು ವರ್ಷದ ಮೊಟ್ಟೆ ನೋಡಿದ್ದರೆ ಇದು ಗೊತ್ತಾಗುತ್ತಿರಲಿಲ್ಲ. ನಾನ್‌ಸ್ಟಿಕ್ ಪಾತ್ರೆ, ನೀರು ಹಿಡಿಯದ ಬಟ್ಟೆಗೆ ಬಳಸುವ ಪಿಎಫ್‌ಎಎಸ್ ರಾಸಾಯನಿಕಗಳ ಮೇಲೆ ಅನುಮಾನ ಬಂದಾಗ ಅದೇ ಹಳೆಯ ಮೊಟ್ಟೆಗಳನ್ನು ಮತ್ತೆ ಹೊರಗೆ ತೆಗೆದರು. ಆ ಹೆಸರನ್ನು ಯಾರೂ ಹುಡುಕದಿದ್ದ ಕಾಲದ ಮೊಟ್ಟೆಗಳು ಉತ್ತರ ಕೊಟ್ಟವು.

ತಾಯಂದಿರ ವಿಷಯಕ್ಕೆ ಬರೋಣ. ನುನಾವಿಕ್‌ನ ಗರ್ಭಿಣಿಯರ ರಕ್ತದಲ್ಲಿ ಪಿಸಿಬಿ ಈಗ ತುಂಬಾ ಇಳಿದಿದೆ. ಪಾದರಸವೂ ಇಳಿದಿದೆ, ಆದರೆ ಚಿಂತೆ ಬಿಡುವಷ್ಟಲ್ಲ. ಪಕ್ಕದ ನುನಾವುಟ್‌ನಲ್ಲಿ 2007, 2008ರಲ್ಲಿ ದೊಡ್ಡ ಆರೋಗ್ಯ ಸಮೀಕ್ಷೆ ನಡೆಯಿತು. ಪಾದರಸ ಎಲ್ಲಿಂದ ಬರುತ್ತಿದೆ ಅಂತ ಊಟವನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಸೀಲ್ ಲಿವರ್ ಸಿಕ್ಕಿಬಿತ್ತು. 2012ರಲ್ಲಿ ಬಂದ ಸಲಹೆ ತೀರಾ ಚಿಕ್ಕದು. ಬಸುರಿಯರು, ಮಗು ಬೇಕು ಅನ್ನುವವರು ರಿಂಗ್ಡ್ ಸೀಲ್‌ನ ಲಿವರ್ ಬಿಡಿ, ಅದೇ ಸೀಲ್‌ನ ಮಾಂಸ ತಿನ್ನಿ. ಉಳಿದವರ ತಟ್ಟೆಗೆ ಅವರು ಕೈ ಹಾಕಲಿಲ್ಲ. ಮಗುವಿಗೆ ಎದೆಹಾಲು ಬಿಡಿಸಿ ಅಂತಲೂ ಹೇಳಲಿಲ್ಲ.

ನಮಸ್ಕಾರ.